ಹುಳು ಮನೆಯ ಗೋಡೆಗೆ ಒರಗಿ ನಿಂತವರು

ಶಿಡ್ಲಘಟ್ಟದ ಕಡೆಯ ನಮ್ಮ ಊರಿನಲ್ಲಿ ರೇಷ್ಮೆ ಹುಳುಗಳು ನಾಲ್ಕನೇ ಜ್ವರದಿಂದ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತದಿಂದ, ಎದ್ದ ವಾರ ಮನೆಮಂದಿಗೆ ನೆಮ್ಮದಿಯ ನಿದ್ದೆ ಇರುವುದಿಲ್ಲ. ಇಡೀ ಬೆಳೆಗೆ ಬೇಕಾಗುವ ಸೊಪ್ಪಿನ ಬಹುಪಾಲನ್ನು ಹುಳುಗಳು ಈ ಏಳೆಂಟು ದಿನಗಳಲ್ಲೇ ತಿನ್ನುತ್ತವೆ. ರಾತ್ರಿ ಹತ್ತಕ್ಕೆ ಸೊಪ್ಪು ಹಾಕಿ ಮಲಗಿದ ಅಪ್ಪ ಬೆಳಗಿನ ಜಾವ ಮತ್ತೆ ಏಳಲೇಬೇಕು. ಅಂಥದೊಂದು ಶನಿವಾರ ನಾನು ಚಿಕ್ಕಬಳ್ಳಾಪುರದಿಂದ ಊರಿಗೆ ಹೋಗಿದ್ದೆ.

ನಮ್ಮ ಹುಳು ಮನೆಗೆ ತಾಗಿದ ಹೊಲವನ್ನು ಕೊಂಡವರೊಬ್ಬರು ಅಲ್ಲಿ ತೋಟದ ಮನೆ ಕಟ್ಟಿಸಿ ವಾರಾಂತ್ಯಕ್ಕೆ ಬಾಡಿಗೆಗೆ ಕೊಡುತ್ತಾರೆ. ಅಂದು ಸಂಜೆಯೇ ಅಲ್ಲಿ ಎರಡು ದೊಡ್ಡ ಸ್ಪೀಕರ್‌ಗಳು ಬಂದಿಳಿದವು. ಹಾಡು ಶುರುವಾದ ಮೇಲೆ ನಾಲ್ವರು ಹುಡುಗರು ಗದ್ದಲದಿಂದ ದೂರ ಬಂದು, ನಮ್ಮ ಹುಳು ಮನೆಯ ಕಿಟಕಿಯ ಪಕ್ಕದ ಗೋಡೆಗೆ ಒರಗಿ ಸಿಗರೇಟು ಹಚ್ಚಿದರು. ತಂಬಾಕಿನ ನಿಕೋಟಿನ್ ರೇಷ್ಮೆ ಹುಳುವಿಗೆ ವಿಷ. ಬೀಡಿ ಸೇದುವ ಆಳನ್ನು ಕೈ ತೊಳೆಯದೆ ಸೊಪ್ಪು ಮುಟ್ಟಲು ನಮ್ಮ ಮನೆಯಲ್ಲಿ ಬಿಟ್ಟವರೇ ಅಲ್ಲ.

ಹತ್ತು ಗಂಟೆ ದಾಟಿದರೂ ಹಾಡು ನಿಲ್ಲಲಿಲ್ಲ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ನನಗೆ ಸಾಕಷ್ಟು ಪರಿಚಿತ. ಲಿಖಿತ ಅನುಮತಿಯಿಲ್ಲದೆ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕುವಂತೆಯೇ ಇಲ್ಲ. ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬಲ್. ಸದ್ದಿನಿಂದ ಹುಳುಗಳಿಗೆ ಹಾನಿಯಾಯಿತೆಂದು ನಾನು ವಾದಿಸಲಾರೆ. ಹಾನಿಯಾದದ್ದು ಅಪ್ಪನ ನಿದ್ದೆಗೆ. ಹತ್ತೂಮುಕ್ಕಾಲಿಗೆ 112ಕ್ಕೆ ಕರೆ ಮಾಡಿದೆ.

ಪೊಲೀಸ್ ವಾಹನ ಬಂದ ಹತ್ತು ನಿಮಿಷದಲ್ಲಿ ಸ್ಪೀಕರ್‌ಗಳು ಮೌನವಾದವು. ಆ ಗೆಲುವಿನ ಹುಮ್ಮಸ್ಸಿನಲ್ಲಿ ನಾನು ಸಿಗರೇಟಿನ ದೂರನ್ನೂ ಮುಂದಿಟ್ಟೆ. ಬಂದಿದ್ದ ಹಿರಿಯ ಪೊಲೀಸರು ತಾಳ್ಮೆಯಿಂದ ಕೇಳಿ, "ಸಾರ್, ಇದೇ ಬಸ್ ಸ್ಟ್ಯಾಂಡಲ್ಲಾಗಿದ್ದರೆ ದಂಡ ಹಾಕಬಹುದಿತ್ತು, ಇಲ್ಲಿ ಯಾವ ಸೆಕ್ಷನ್ ಹಾಕಲಿ?" ಎಂದರು. ಅವರ ಮಾತು ಸರಿಯಾಗಿಯೇ ಇತ್ತು. 2003ರ ತಂಬಾಕು ಕಾಯಿದೆ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸುತ್ತದೆ, ಆದರೆ ಬಯಲು ಜಾಗವನ್ನು ಅದರಿಂದ ಹೊರಗಿಡುತ್ತದೆ. 2008ರ ನಿಯಮಗಳು ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾಂಗಣದಂಥ ಜನ ಸೇರುವ ತೆರೆದ ತಾಣಗಳನ್ನು ಮತ್ತೆ ನಿಷೇಧದೊಳಕ್ಕೆ ತಂದವು. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ 200 ರೂಪಾಯಿಯ ದಂಡವನ್ನು 1,000ಕ್ಕೆ ಏರಿಸಿತು. ಇಷ್ಟೆಲ್ಲ ಇದ್ದರೂ ಖಾಸಗಿ ಹೊಲದ ಅಂಚಿನಲ್ಲಿರುವ ಹುಳು ಮನೆಯ ಕಿಟಕಿ ಯಾವ ನಿಯಮದೊಳಗೂ ಬರುವುದಿಲ್ಲ.

ನಾವು ಸೆಕ್ಷನ್ನುಗಳ ಮಾತಿನಲ್ಲಿದ್ದಾಗ ಅಮ್ಮ ಒಳಗಿನಿಂದ ಅಂಗೈ ತುಂಬ ಹುಳುಗಳನ್ನು ತಂದು ಆ ಹುಡುಗರ ಮುಂದೆ ಹಿಡಿದಿದ್ದರು. "ನೋಡ್ರಪ್ಪಾ, ಇನ್ನು ನಾಲ್ಕು ದಿನಕ್ಕೆ ಹಣ್ಣಾಗಿ ಗೂಡು ಕಟ್ತವೆ. ನಿಮ್ಮ ಹೊಗೆ ಇವಕ್ಕೆ ಆಗಕ್ಕಿಲ್ಲ. ಆ ಕಡೆ ಹೋಗಿ ಸೇದ್ಕೊಳ್ಳಿ" ಎಂದರು. ಒಬ್ಬ ಹುಡುಗ ಸಿಗರೇಟನ್ನು ಚಪ್ಪಲಿಯಡಿ ಹೊಸಕಿ, ಹುಳುವನ್ನು ಮುಟ್ಟಬಹುದೇ ಎಂದು ಕೇಳಿದ. ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡರು. ಆ ಬೆಳೆಯ ಗೂಡು ಚೆನ್ನಾಗಿಯೇ ಬಂತು.

ಈಗ ನನ್ನ ಇನ್ನೊಂದು ರಾತ್ರಿಯ ವಿಷಯ. ಎರಡು ತಿಂಗಳ ಬಳಿಕ ಚಿಕ್ಕಪ್ಪನ ಮಗಳ ಮದುವೆಯ ಆರತಕ್ಷತೆ ನಮ್ಮ ಮನೆಯ ಮುಂದೆಯೇ ನಡೆಯಿತು. ಹಬ್ಬ ಮತ್ತು ಸಾಂಸ್ಕೃತಿಕ ಸಂದರ್ಭಗಳಿಗೆ ಸರ್ಕಾರವು ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ನಮ್ಮ ಮನೆಯ ಮದುವೆ ಆ ಪಟ್ಟಿಯಲ್ಲಿ ಇರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ವಾದ್ಯಗೋಷ್ಠಿ ರಂಗೇರಿದ್ದಾಗ ತೋಟದ ಮನೆಯ ಕಾವಲುಗಾರ ಬೇಲಿಯ ಬಳಿ ಬಂದು, ಒಳಗೆ ಮಗು ಮಲಗುತ್ತಿಲ್ಲವಂತೆ, ಇನ್ನೆಷ್ಟು ಹೊತ್ತು ಎಂದು ಸಂಕೋಚದಿಂದ ಕೇಳಿದ. ಗಡಿಯಾರ ನೋಡಿಕೊಂಡೆ, ಹನ್ನೊಂದೂ ಇಪ್ಪತ್ತು. ನಿಲ್ಲಿಸಲು ಹೇಳೋಣವೆಂದು ವೇದಿಕೆಯ ಕಡೆ ನಾಲ್ಕು ಹೆಜ್ಜೆ ಇಟ್ಟೆ. "ಇನ್ನೆರಡೇ ಹಾಡು ಕಣೋ" ಎಂದು ಚಿಕ್ಕಪ್ಪ ಕೈ ಹಿಡಿದು ಕೂರಿಸಿದರು. ನಾನು ಕುಳಿತೆ.