ತವರಿಗೆ ಹೋದ ಬಾಣಂತಿಯನ್ನು ಎಲ್ಲಿ ಎಣಿಸಬೇಕು?

ಕೆಲವು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ತಾಲ್ಲೂಕೊಂದರಲ್ಲಿ ಆರೋಗ್ಯ ಸಮೀಕ್ಷೆಯ ಮೇಲ್ವಿಚಾರಕಿಯಾಗಿದ್ದೆ. ಹೆರಿಗೆಯ ನಂತರ ಆಶಾ ಕಾರ್ಯಕರ್ತೆ ಮನೆಗೆ ಬಂದು ತಾಯಿ, ಮಗುವನ್ನು ನೋಡಿದರೇ ಎಂಬುದು ನಮ್ಮ ಪ್ರಶ್ನೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೇ ದಿನ, ಹೀಗೆ ಆರು ಭೇಟಿಗಳು ಆಗಬೇಕೆಂಬುದು ನಿಯಮ. ಯಾರನ್ನು ಕೇಳಬೇಕೆಂಬುದನ್ನು ಕಚೇರಿಯಲ್ಲಿ ಕುಳಿತು ಒಂದೇ ವಾಕ್ಯದಲ್ಲಿ ಬರೆದಿದ್ದೆವು: ಕಳೆದ ಆರು ತಿಂಗಳಲ್ಲಿ ಹೆರಿಗೆಯಾದ, ಆ ಹಳ್ಳಿಯ ಕಾಯಂ ನಿವಾಸಿಗಳಾದ ಮಹಿಳೆಯರು.

ಮೊದಲ ಹಳ್ಳಿಯಲ್ಲೇ ಒಬ್ಬ ಅತ್ತೆ, "ಸೊಸಿ ಬಾಣಂತನಕ್ಕ ತವರಿಗೆ ಹೋಗ್ಯಾಳ್ರೀ" ಎಂದರು. ನಮ್ಮ ಹುಡುಗಿಯರು 'ಮನೆಯಲ್ಲಿಲ್ಲ' ಎಂದು ಬರೆದುಕೊಂಡರು. ಎರಡನೆಯ ಹಳ್ಳಿಯಲ್ಲಿ ತವರಿಗೆ ಬಂದಿದ್ದ ಬಾಣಂತಿಯೇ ಕಣ್ಣೆದುರಿಗಿದ್ದರೂ ಅವಳ ತಾಯಿ, "ಅಕಿ ಈಗ ಈ ಮನಿಯಾಕಿ ಅಲ್ರೀ, ಗಂಡನ ಊರಾಗ ಬರಕೋರಿ" ಎಂದರು. ಕಾಯಂ ನಿವಾಸಿಯಲ್ಲದ ಕಾರಣ ಅವಳನ್ನೂ ಬಿಟ್ಟರು. ನಮ್ಮ ವ್ಯಾಖ್ಯೆಯ ಒಂದೇ ಪದದಿಂದ ಬಾಣಂತಿಯರು ಎರಡೂ ಊರಿನ ಪಟ್ಟಿಯಿಂದ ಹೊರಗುಳಿದರು.

ಹೀಗೆ ತಪ್ಪಿಹೋದವರು ಸಿಕ್ಕವರಂಥವರೇ ಆಗಿದ್ದರೆ ಚಿಂತೆ ಕಡಿಮೆ ಇರುತ್ತಿತ್ತು. ಆದರೆ ತವರಿಗೆ ಹೋಗುವವರಲ್ಲಿ ಚೊಚ್ಚಲ ಹೆರಿಗೆಯವರೇ ಹೆಚ್ಚು; ಗರ್ಭಿಣಿಯಾಗಿದ್ದಾಗ ಹೆಸರು ದಾಖಲಾಗಿದ್ದು ಗಂಡನ ಊರಿನಲ್ಲಿ, ಭೇಟಿ ಆಗಬೇಕಾದದ್ದು ತವರಿನಲ್ಲಿ, ಆದ್ದರಿಂದ ಆಶಾ ಭೇಟಿ ತಪ್ಪಿಹೋಗುವ ಸಂಭವ ಇರುವುದೂ ಅವರಿಗೇ. ಅವರನ್ನು ಬಿಟ್ಟರೆ ಭೇಟಿಗಳ ಪ್ರಮಾಣ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇನ್ನೂ ಸಾವಿರ ಮನೆಗಳಿಗೆ ಹೋದರೂ ಈ ದೋಷ ಕರಗುವುದಿಲ್ಲ, ಏಕೆಂದರೆ ಅದು ಮಾದರಿಯ ಗಾತ್ರದ ಕೊರತೆಯಲ್ಲ, ಯಾರನ್ನು ಎಣಿಸುತ್ತೇವೆ ಎಂಬ ನಿರ್ಧಾರದ ತಪ್ಪು.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಿಂದಿನ ರಾತ್ರಿ ಆ ಮನೆಯಲ್ಲಿ ತಂಗಿದ್ದ ಅತಿಥಿಗಳನ್ನೂ ಪಟ್ಟಿಗೆ ಸೇರಿಸಿ, 15ರಿಂದ 49 ವರ್ಷದ ಮಹಿಳೆಯರನ್ನು ಸಂದರ್ಶಿಸುತ್ತಾರೆ. ನಾವೂ ಆ ದಾರಿಯನ್ನೇ ಹಿಡಿದೆವು: ಹಿಂದಿನ ರಾತ್ರಿ ಎಲ್ಲಿ ಮಲಗಿದ್ದಳೋ ಅಲ್ಲೇ ಅವಳ ಎಣಿಕೆ. ಆಗ ಯಾರೂ ಎರಡು ಕಡೆ ಸೇರುವುದಿಲ್ಲ. 'ಆರು ತಿಂಗಳು' ಎಂಬುದರ ಬದಲು ಆರಂಭದ ಮತ್ತು ಕೊನೆಯ ದಿನಾಂಕಗಳನ್ನೇ ಬರೆದೆವು. ಅಂಗನವಾಡಿಯ ಮಕ್ಕಳ ಪಟ್ಟಿಯಿಂದ ಹೆಸರು ಆಯುವುದನ್ನು ನಿಲ್ಲಿಸಿ ಮನೆಮನೆಗೆ ಹೋಗಿ ಹೊಸ ಪಟ್ಟಿ ಮಾಡಿದೆವು. ಆಗಲೇ ನನಗೆ ಇನ್ನೊಂದು ವಿಷಯ ಹೊಳೆದು ಮನಸ್ಸು ಕಲಕಿತು: ಮಗುವನ್ನು ಕಳೆದುಕೊಂಡ ತಾಯಿಯ ಹೆಸರು ಮಕ್ಕಳ ಪಟ್ಟಿಯಲ್ಲಿ ಸಿಗುವುದೇ ಇಲ್ಲ, ಆ ಭೇಟಿಗಳು ಎಲ್ಲರಿಗಿಂತ ಹೆಚ್ಚು ಬೇಕಾಗಿದ್ದದ್ದು ಅವಳಿಗೇ.

ಮುಗಿದಿದ್ದ ಹಳ್ಳಿಗಳಿಗೆ ಮತ್ತೆ ಹೋದೆವು. ಗಂಡನ ಊರಿನಲ್ಲಿ ಬರೆದುಕೊಳ್ಳಿ ಎಂದಿದ್ದ ಆ ತಾಯಿಯ ಮಗಳು ಇನ್ನೂ ಅಲ್ಲೇ ಇದ್ದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟಳು. ಅವಳನ್ನು ನೋಡಲು ಎರಡೂ ಊರುಗಳಿಂದ ಯಾರೂ ಬಂದಿರಲಿಲ್ಲ.