ವ್ಲಾಸೊವ್ ಎಪಿಸೋಡಿನ ಆ ಒಂದು ಸಾಲು

ಇತಿಹಾಸದ ವಿಡಿಯೊ ಮಾಡುವ ಕಡೆ ಸ್ಕ್ರಿಪ್ಟ್ ಚೆಕ್ ಮಾಡುವುದು ನನ್ನ ಕೆಲಸ. ಎರಡನೇ ಮಹಾಯುದ್ಧದ ಸರಣಿಯಲ್ಲಿ ಸೋವಿಯತ್ ಜನರಲ್ ಆಂದ್ರೇಯ್ ವ್ಲಾಸೊವ್ ಎಪಿಸೋಡು ವಿಒಗೆ, ಅಂದರೆ ಧ್ವನಿ ಮುದ್ರಣಕ್ಕೆ, ಹೋದ ದಿನವನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸ್ಕ್ರಿಪ್ಟ್ ಅಂತಿಮವಾಗಿ ಲಾಕ್ ಆದ ಮೇಲೆ ನನ್ನ ಕೈಗೆ ಬಂತು. ವಾಯ್ಸ್ ಆರ್ಟಿಸ್ಟ್ ಆಗಲೇ ಬೂತ್ ಒಳಗೆ ಕೂತಿದ್ದರು, ಸ್ಟುಡಿಯೊ ಸ್ಲಾಟ್ ಓಡುತ್ತಿತ್ತು. ನೋಡುಗರನ್ನು ಹಿಡಿಯುವ ಆರಂಭದ ಹುಕ್‌ನಲ್ಲೇ ಈ ಸಾಲು: 'ವ್ಲಾಸೊವ್ ಮತ್ತು ಅವನ ಸೈನ್ಯ ದೇಶವನ್ನು ಹಿಟ್ಲರನಿಗೆ ಮಾರಿಕೊಂಡರು.'

"ಸರ್, ಇದು ಹೋಗಬಾರದು. ವ್ಲಾಸೊವ್ ಸರಿ, 'ಅವನ ಸೈನ್ಯ' ಅನ್ನೋದು ಸುಳ್ಳು."

"ರಿಟೆನ್ಶನ್, ಜನ ಬಿಟ್ಟು ಹೋಗದೆ ನೋಡೋದು, ಇರೋದೇ ಆ ಸಾಲಲ್ಲಿ ಮೇಡಂ. ಏನು ತಪ್ಪು ಅಂತ ಎರಡು ನಿಮಿಷದಲ್ಲಿ ಹೇಳಿ" ಅಂದರು ಪ್ರೊಡ್ಯೂಸರ್. ಗಾಜಿನ ಆಚೆ ಆರ್ಟಿಸ್ಟ್ ಹೆಡ್‌ಫೋನ್ ತೆಗೆದು ನಮ್ಮನ್ನೇ ನೋಡುತ್ತಿದ್ದರು.

ಒಂದೇ ಉಸಿರಿಗೆ ಹೇಳಿದೆ. 1942ರ ಜನವರಿಯಲ್ಲಿ ಜರ್ಮನ್ನರ ಲೆನಿನ್‌ಗ್ರಾಡ್ ಮುತ್ತಿಗೆ ಮುರಿಯಲು ಎರಡನೇ ಶಾಕ್ ಆರ್ಮಿಯನ್ನು, ಮುಂದೆ ವ್ಲಾಸೊವ್ ಕೈಗೆ ಬಂದ ಸೈನ್ಯವನ್ನು, ವೋಲ್ಖೊವ್ ನದಿ ದಾಟಿಸಿ ಕಳಿಸಿದರು. ಅದರ ಮೊದಲ ಕಮಾಂಡರ್ ಸೊಕೊಲೊವ್ ಗುಪ್ತಪೊಲೀಸ್ ಇಲಾಖೆಯಿಂದ ಬಂದಾತ. ದಾಳಿ ಶುರುವಾಗುವ ಹೊತ್ತಿಗೆ ಅವನನ್ನು ತೆಗೆದೇಬಿಟ್ಟರು. ಒಳನುಗ್ಗಿದ ಸೈನ್ಯಕ್ಕೆ ರೊಟ್ಟಿ, ಗುಂಡು ಹೋಗಲು ಇದ್ದದ್ದು ಮ್ಯಾಸ್ನೊಯ್ ಬೋರ್ ಹತ್ತಿರದ ಇಕ್ಕಟ್ಟಾದ ದಾರಿ. ಮಾರ್ಚ್‌ನಲ್ಲಿ ಜರ್ಮನ್ನರು ಅದನ್ನು ಮುಚ್ಚಿದರು. ಹೊಡೆದಾಡಿ ಮತ್ತೆ ತೆರೆದದ್ದು ಒಂದು ಸಣ್ಣ ಸೀಳನ್ನಷ್ಟೇ. ಏಪ್ರಿಲ್‌ನಲ್ಲಿ ಹಿಮ ಕರಗಿ ಇಡೀ ಪ್ರದೇಶ ಜೌಗಾಯಿತು, ಗಾಡಿಗಳು ಹೂತವು. ಸರ್ಕಾರದ ಕಾಗದದಲ್ಲಿ ಮುಂಚೂಣಿಯ ಸೈನಿಕನಿಗೆ ಚಳಿಗಾಲದ ದಿನಕ್ಕೆ 900 ಗ್ರಾಂ ರೊಟ್ಟಿ. ಅಲ್ಲಿದ್ದವರು ಕುದುರೆಗಳನ್ನು ತಿಂದು ಮುಗಿಸಿ ಮರದ ತೊಗಟೆಗೆ ಬಂದಿದ್ದರು.

ಮೇಲಿನವರು ಅದೇ ಏಪ್ರಿಲ್‌ನಲ್ಲಿ ಏನು ಮಾಡಿದರು? ಈ ಸೈನ್ಯ ಸೇರಿ ಹಲವು ಸೈನ್ಯಗಳನ್ನು ನಡೆಸುತ್ತಿದ್ದ ವೋಲ್ಖೊವ್ ಫ್ರಂಟನ್ನೇ ರದ್ದು ಮಾಡಿ ಲೆನಿನ್‌ಗ್ರಾಡ್ ಫ್ರಂಟಿಗೆ ಸೇರಿಸಿದರು. ಆ ಜಾಗ ಬಲ್ಲ ಅದರ ಕಮಾಂಡರ್ ಮೆರೆತ್ಸ್ಕೊವ್‌ನನ್ನು ಕಳಿಸಿಬಿಟ್ಟರು, ಹೊಣೆ ಲೆನಿನ್‌ಗ್ರಾಡ್ ಫ್ರಂಟಿನ ಖೋಜಿನ್ ಕೈಗೆ ಹೋಯಿತು. ವ್ಲಾಸೊವ್ ಈ ಸೈನ್ಯದ ಕಮಾಂಡರ್ ಆದದ್ದೂ ಅದೇ ತಿಂಗಳು. ಹಿಂದೆ ಸರಿಯಲು ಅಪ್ಪಣೆ ಸಿಕ್ಕಿದ್ದು ಮೇ ಅರ್ಧ ಕಳೆದ ಮೇಲೆ. ಜೂನ್‌ನಲ್ಲಿ ಖೋಜಿನ್‌ನನ್ನು ತೆಗೆದು, ಫ್ರಂಟನ್ನು ಮತ್ತೆ ಕಟ್ಟಿ, ಮೆರೆತ್ಸ್ಕೊವ್‌ನನ್ನೇ ವಾಪಸ್ ಕರೆಸಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. ಆ ಸೈನ್ಯವನ್ನು ಹೊರತರುವ ಕಾರ್ಯಾಚರಣೆಯಲ್ಲೇ ಸತ್ತವರು, ಸೆರೆಯಾದವರು, ಕಾಣೆಯಾದವರು ಸೇರಿ ಸುಮಾರು 55 ಸಾವಿರ ಮಂದಿ.

"ಇಷ್ಟು ಹಸಿವಿನಲ್ಲೂ ಅವರು ಹೊಡೆದಾಡುತ್ತಲೇ ಇದ್ದರು ಸರ್. ವ್ಲಾಸೊವ್ ಪಕ್ಷ ಬದಲಿಸಿದ್ದು ಜುಲೈನಲ್ಲಿ ಸೆರೆಸಿಕ್ಕ ಮೇಲೆ. ಅಷ್ಟೊತ್ತಿಗೆ ಅವನ ಸೈನ್ಯ ಅನ್ನೋದೇ ಉಳಿದಿರಲಿಲ್ಲ."

ಪ್ರೊಡ್ಯೂಸರ್ ಗಡಿಯಾರ ನೋಡಿದರು. "ಹಾಗಾದ್ರೆ ಆಮೇಲೆ ಜರ್ಮನ್ ಸಮವಸ್ತ್ರ ಹಾಕಿದ ಸೋವಿಯತ್ ಸೈನಿಕರು ಯಾರು?"

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಜರ್ಮನ್ನರ ಯುದ್ಧಕೈದಿ ಕ್ಯಾಂಪುಗಳಲ್ಲಿದೆ. ಯುದ್ಧದುದ್ದಕ್ಕೂ ಸೆರೆಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 33 ಲಕ್ಷದಷ್ಟು ಜನ ಜರ್ಮನ್ನರ ವಶದಲ್ಲಿ ಸತ್ತರು. ಹೆಚ್ಚಿನವರು ಮೊದಲ ಚಳಿಗಾಲದಲ್ಲೇ, ಹಸಿವು ಮತ್ತು ರೋಗದಿಂದ. ಇತ್ತ ಸ್ಟಾಲಿನ್‌ನ 1941ರ ಆಗಸ್ಟ್‌ನ 270ನೇ ಆದೇಶ ಶರಣಾದ ಕಮಾಂಡರ್‌ಗಳನ್ನು ದ್ರೋಹಿಗಳೆಂದು ಸಾರಿ, ಅವರ ಮನೆಯವರನ್ನು ಬಂಧಿಸಲು ಹೇಳಿತ್ತು. ಮುಂದೆ ಹಸಿವಿನ ಸಾವು, ಹಿಂದೆ ಬಾಗಿಲು ಬಂದ್. ಜರ್ಮನ್ನರ ಪರ ಬಂದೂಕು ಹಿಡಿದರೆ ಊಟ ಸಿಗುತ್ತದೆ ಎಂದು ಸೇರಿದವರನ್ನು ದೇಶ ಮಾರಿಕೊಂಡವರ ಪಟ್ಟಿಗೆ ಸೇರಿಸಲು ನನಗೆ ಮನಸ್ಸು ಒಪ್ಪುವುದಿಲ್ಲ. ಸ್ಟಾಲಿನ್ ಮೇಲಿನ ದ್ವೇಷದಿಂದಲೇ ಹೋದವರೂ ಇದ್ದರು, ಅದನ್ನು ಮುಚ್ಚಿಡಬೇಕಿಲ್ಲ. 436ನೇ ರೆಜಿಮೆಂಟಿನ ಮೇಜರ್ ಕೊನೊನೊವ್ 1941ರ ಆಗಸ್ಟ್‌ನಲ್ಲೇ ತನ್ನ ಜನರೊಂದಿಗೆ ಜರ್ಮನ್ನರ ಕಡೆಗೆ ದಾಟಿದ. ಆದರೆ ಅಲ್ಲೂ ಮೊದಲು ಹೋದದ್ದು ಅಧಿಕಾರಿ.

ಕೊನೆಗೆ 'ಅವನ ಸೈನ್ಯ' ಎನ್ನುವುದು ವಿಒದಿಂದ ಹೋಯಿತು. ಥಂಬ್‌ನೇಲ್ ಮಾತ್ರ 'ದ್ರೋಹಿ ಸೈನ್ಯ' ಎಂದೇ ಉಳಿಯಿತು. ಅದು ಬೇರೆ ಟೀಮಿನದಂತೆ, ಅಪ್ರೂವ್ ಆಗಿದೆಯಂತೆ. ಜೌಗಿನಲ್ಲಿ ಹಸಿದು ಸತ್ತವರ ತಲೆಯ ಮೇಲೆ ಆ ಪದ ಕೂತಿರುವುದು ನನಗೆ ಸಹಿಸಲಾಗುತ್ತಿಲ್ಲ. ಸ್ಕ್ರಿಪ್ಟ್ ಲಾಕ್ ಆದ ಮೇಲೆ ಫ್ಯಾಕ್ಟ್ ಚೆಕ್‌ಗೆ ಕಳಿಸುವ ಪದ್ಧತಿ ಇರುವವರೆಗೂ ಇದು ಮತ್ತೆ ಮತ್ತೆ ಆಗುತ್ತದೆ. ಮೇಲಿನವರಿಗೆ ಹೇಳಿದ್ದೇನೆ, ಮೇಲ್ ಕೂಡ ಹಾಕಿದ್ದೇನೆ.

ಸೈನಿಕರ ನಿಷ್ಠೆಯ ಮಾತು ಬರುವ ಸ್ಕ್ರಿಪ್ಟ್ ಕೈಗೆ ಬಂದರೆ ಈಗ ನಾನು ಮಾರ್ಜಿನ್‌ನಲ್ಲಿ ಎರಡೇ ಪ್ರಶ್ನೆ ಬರೆಯುತ್ತೇನೆ: ಇವರಿಗೆ ಊಟ ತಲುಪಿಸಬೇಕಾದವರು ಯಾರು, ಹಿಂದೆ ಸರಿಯಲು ಅಪ್ಪಣೆ ಕೊಡಬೇಕಾದವರು ಯಾರು? ಮುಂದಿನ ಎಪಿಸೋಡು ಕಲೀನಿನ್ ಫ್ರಂಟಿನದು. ಅಲ್ಲಿ ಸೈನಿಕರ ಊಟದ ಸ್ಥಿತಿ ಎಷ್ಟು ಕೆಟ್ಟಿತ್ತೆಂದರೆ ತಪಾಸಣೆ ನಡೆಸಿ, 1943ರ ಮೇ 31ರಂದು ಮಾಸ್ಕೋದಿಂದಲೇ ಅದರ ಬಗ್ಗೆ ಆದೇಶ ಹೊರಡಿಸಬೇಕಾಯಿತು. ಅದರ ಸ್ಕ್ರಿಪ್ಟ್ ಲಾಕ್ ಆಗುವ ಮೊದಲೇ ನನಗೆ ಬೇಕೆಂದು ಪಟ್ಟು ಹಿಡಿದಿದ್ದೇನೆ.