ರಾಜ ಮಿಂದ ಕಡಲು, ಮಾರಿ ಹೊಕ್ಕ ಬಂದರು

ಲಂಡನ್ನಿನ ವಾಟರ್‌ಲೂ ನಿಲ್ದಾಣದಿಂದ ಹೊರಟ ರೈಲು ಸುಮಾರು ಮೂರು ಗಂಟೆ ಓಡಿ, ಇಂಗ್ಲೆಂಡಿನ ದಕ್ಷಿಣ ಕಡಲದಂಡೆಯ ಊರಾದ ವೇಮತ್‌ನಲ್ಲಿ ನಿಂತಿತು. ಅಲ್ಲಿಂದಾಚೆಗೆ ಹಳಿಯಿಲ್ಲ. ಹಿಂದೆ ಇತ್ತು. ಹಡಗು ಹತ್ತುವವರನ್ನು ಹೊತ್ತ ರೈಲು ಊರಿನ ಬೀದಿಯಲ್ಲೇ, ಮನೆಗಳ ಬಾಗಿಲ ಮುಂದೆಯೇ ಹಾದು ಬಂದರುಕಟ್ಟೆಗೆ ಹೋಗುತ್ತಿತ್ತು. ಆ ಹಳಿಗಳನ್ನು ಈಚೆಗೆ ಕಿತ್ತುಹಾಕಿದ್ದಾರೆ. ಅದನ್ನು ನೋಡದೆ ಹೋದೆನಲ್ಲ ಎಂದು ಹೊಟ್ಟೆ ಉರಿಯಿತು.

ಕಡಲದಂಡೆಯ ರಸ್ತೆಯಲ್ಲಿ ಮೊದಲು ಎದುರಾಗುವವನು ಮೂರನೇ ಜಾರ್ಜ್. ಬಣ್ಣ ಬಳಿದ ವಿಗ್ರಹ, ಪಕ್ಕದಲ್ಲಿ ಸಿಂಹ, ಒಂಟಿಕೊಂಬಿನ ಕುದುರೆ. ನಮ್ಮ ಊರಹಬ್ಬದ ತೇರಿನ ಗೊಂಬೆಗಳಿಗೆ ಬಳಿದಷ್ಟೇ ಧಾರಾಳವಾದ ಕೆಂಪು, ಹೊನ್ನಿನ ಬಣ್ಣ. ಕಲ್ಲಿನಂತೆ ಕಂಡರೂ ಅದು ಸುಟ್ಟ ಮಣ್ಣಿನ ಕೃತಕ ಶಿಲೆ. ಕೃತಜ್ಞ ನಿವಾಸಿಗಳ ಕಾಣಿಕೆ ಎಂದು ಪೀಠದ ಮೇಲೆ ಬರೆದಿದೆ. ಶ್ರೀರಂಗಪಟ್ಟಣ ಬಿದ್ದ 1799ರಲ್ಲಿ ಇಂಗ್ಲೆಂಡಿನ ಸಿಂಹಾಸನದ ಮೇಲಿದ್ದವನು ಇವನೇ. ಮಂಡ್ಯದ ಕಡೆಯವಳಾದ ನಾನು ಅವನನ್ನು ತುಸು ಹೆಚ್ಚು ಹೊತ್ತೇ ದಿಟ್ಟಿಸಿದೆ.

ಊರಿನವರ ಕೃತಜ್ಞತೆಗೆ ಕಾರಣವಿದೆ. ಕಾಯಿಲೆಯಿಂದ ಎದ್ದ ದೊರೆ 1789ರಲ್ಲಿ ಇಲ್ಲಿಗೆ ಬಂದ. ಕಡಲನೀರು ಔಷಧವೆಂದು ವೈದ್ಯರು ನಂಬಿದ್ದ ಕಾಲವದು. ಗಾಲಿಯ ಮೇಲಿನ ಮರದ ಕೋಣೆಯೊಳಗೆ ಬಟ್ಟೆ ಬದಲಿಸಿ, ಆ ಕೋಣೆಯನ್ನೇ ನೀರಿಗೆ ಎಳೆಸಿಕೊಂಡು ಹೋಗಿ ಮುಳುಗು ಹಾಕಬೇಕು. ದೊರೆಯ ತಲೆ ನೀರಿಗೆ ಇಳಿದದ್ದೇ ತಡ, ಪಕ್ಕದ ಇನ್ನೊಂದು ಗಾಲಿಕೋಣೆಯಲ್ಲಿ ಅಡಗಿದ್ದ ವಾದ್ಯದವರು ರಾಜಸ್ತುತಿ ನುಡಿಸಿದರಂತೆ. ರಾಣಿಯ ಪರಿವಾರದಲ್ಲಿದ್ದ ಲೇಖಕಿ ಫ್ಯಾನಿ ಬರ್ನಿ ಇದನ್ನು ಬರೆದಿಟ್ಟಿದ್ದಾರೆ. ಪಾಪ, ನೆಮ್ಮದಿಯಾಗಿ ಸ್ನಾನ ಮಾಡುವ ಭಾಗ್ಯವೂ ಅರಸನಿಗಿಲ್ಲ! ಆದರೂ 1805ರವರೆಗೆ ಮತ್ತೆ ಮತ್ತೆ ಬಂದ. ಅವನ ಹಿಂದೆ ಸಿರಿವಂತರು ಬಂದರು; 1857ರಲ್ಲಿ ರೈಲು ಬಂದ ಮೇಲೆ ಎಲ್ಲರೂ ಬಂದರು.

ಮರಳ ದಂಡೆಗೆ ಬೆನ್ನು ಹಾಕಿ ಐದು ನಿಮಿಷ ನಡೆದರೆ ಹಳೆಯ ಬಂದರು. ಕಿರಿದಾದ ಕಾಲುವೆಯಂಥ ನೀರು. ಆಚೆ ದಡ ವೇಮತ್, ಈಚೆ ದಡ ಮೆಲ್ಕಂಬ್ ರೀಜಿಸ್. ಬಂದರಿನ ಆದಾಯಕ್ಕಾಗಿ ಈ ಎರಡು ಊರುಗಳು ತಲೆತಲಾಂತರ ಕಚ್ಚಾಡಿ, ಕೊನೆಗೆ ಒಂದನೇ ಎಲಿಜಬೆತ್ ರಾಣಿ 1571ರಲ್ಲಿ ಎರಡನ್ನೂ ಒಂದೇ ಊರಾಗಿ ಮಾಡಿದಳು.

ಈಚೆ ದಡದ ಗೋಡೆಯಲ್ಲೊಂದು ಸಣ್ಣ ಫಲಕವಿದೆ. 1348ರಲ್ಲಿ ಪ್ಲೇಗಿನ ಮಹಾಮಾರಿ ಇಂಗ್ಲೆಂಡನ್ನು ಹೊಕ್ಕದ್ದು ಈ ಬಂದರಿನ ಮೂಲಕ, ದೇಶದ ಶೇಕಡಾ 30ರಿಂದ 50ರಷ್ಟು ಜನ ಸತ್ತರು ಎನ್ನುತ್ತದೆ. ಫ್ರಾನ್ಸಿನ ಗ್ಯಾಸ್ಕನಿಯಿಂದ ಬಂದ ನಾವಿಕನೊಬ್ಬ ಅದನ್ನು ತಂದನೆಂದು ಆ ಕಾಲದ ಪಾದ್ರಿಗಳ ದಾಖಲೆ ಹೇಳುತ್ತದೆ. ಮಿಂದು ಹೋದ ಅರಸನಿಗೆ ಆಳೆತ್ತರದ ಬಣ್ಣದ ವಿಗ್ರಹ, ಇದಕ್ಕೆ ಅಂಗೈಯಗಲದ ತಗಡು. ಪ್ರವಾಸಿಗರ ಊರು, ಲೆಕ್ಕ ಬಲ್ಲದು.

ಹತ್ತಿರದಲ್ಲೇ ಮಕ್ಕಳು ದಾರದ ತುದಿಗೆ ಹಂದಿಮಾಂಸದ ಚೂರು ಕಟ್ಟಿ ನೀರಿಗೆ ಬಿಟ್ಟು ಏಡಿ ಹಿಡಿಯುತ್ತಿದ್ದರು. ಒಂದು ಹುಡುಗಿಯ ಬಕೆಟ್ಟಿನಲ್ಲಿ ಏಳು ಏಡಿಗಳು ಒಂದರ ಮೇಲೊಂದು ಹತ್ತಿ ಕರಕರ ಎನ್ನುತ್ತಿದ್ದವು. ನಮ್ಮ ಗದ್ದೆಬದುವಿನಲ್ಲಿ ಏಡಿ ಸಿಕ್ಕರೆ ನೇರ ಸಾರಿನ ಪಾತ್ರೆಗೆ. ಇವನ್ನು ತಿನ್ನುವುದಿಲ್ಲವೇ ಎಂದು ಕೇಳಿದೆ. ಹುಡುಗಿ ಬಕೆಟ್ಟನ್ನು ಸರಕ್ಕನೆ ತನ್ನ ಕಡೆಗೆ ಎಳೆದುಕೊಂಡಳು.

ಸಂಜೆ ಬಸ್ಸು ಹಿಡಿದು ವೈಕ್ ರೀಜಿಸ್‌ನ ಇಗರ್ಜಿಗೆ ಹೋದೆ. 1805ರ ಫೆಬ್ರುವರಿ 5ರಂದು ಈಸ್ಟ್ ಇಂಡಿಯಾ ಕಂಪನಿಗಾಗಿ ಬಂಗಾಳಕ್ಕೂ ಚೀನಾಕ್ಕೂ ಹೊರಟಿದ್ದ ಅರ್ಲ್ ಆಫ್ ಅಬರ್ಗೆವೆನಿ ಹಡಗು ನೀರಡಿಯ ದಿಬ್ಬಕ್ಕೆ ಬಡಿದು, ದಡ ಸೇರಲು ಹೆಣಗಿ, ಈ ಕೊಲ್ಲಿಯಲ್ಲೇ ಮುಳುಗಿತು. ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಪ್ತಾನ ಜಾನ್ ವರ್ಡ್ಸ್‌ವರ್ತ್, ಕವಿ ವಿಲಿಯಂ ವರ್ಡ್ಸ್‌ವರ್ತ್‌ನ ತಮ್ಮ, ಇಲ್ಲೇ ಮಣ್ಣಾಗಿದ್ದಾನೆ. ಸಮಾಧಿಗೆ ಗುರುತಿನ ಕಲ್ಲಿಲ್ಲ. ಹುಲ್ಲಿನ ನಡುವೆ ಸುಮ್ಮನೆ ಒಂದು ಸುತ್ತು ಹಾಕಿದೆ. ಕೊನೆಯ ರೈಲಿಗೆ ಹೊತ್ತಾಗಿತ್ತು.